ಬ್ಡೆ ಮಕಾ ಸ್ಕಾ: ಡಕೋಟಾ ನೀರಿನ ಹೆಸರುಗಳ ಜಾಡಿನಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ, ಮಿಸಿಸಿಪ್ಪಿ ನದಿ ತನ್ನ ದೀರ್ಘ ಪಯಣದ ಆರಂಭದ ಘಟ್ಟದಲ್ಲಿ ಹಾದುಹೋಗುವ ಮಿನಿಯಾಪೊಲಿಸ್ ನಗರದ ಹೆಸರಿನ ಮೊದಲರ್ಧ ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರ ಭಾಷೆಯದು. ಡಕೋಟಾ ನುಡಿಯಲ್ಲಿ ನೀರಿಗೆ 'ಮ್ನಿ' ಎನ್ನುತ್ತಾರೆ. ಆ ಪದಕ್ಕೆ ಗ್ರೀಕ್ ಭಾಷೆಯ ನಗರವಾಚಕವಾದ 'ಪೊಲಿಸ್' ಅನ್ನು ಜೋಡಿಸಿ 1852ರಲ್ಲಿ ವಲಸಿಗರು ತಮ್ಮ ಹೊಸ ಊರಿಗೆ ಹೆಸರು ಕಟ್ಟಿದರು. ರಾಜ್ಯದ ಹೆಸರಾದ ಮಿನ್ನೆಸೋಟ ಕೂಡ ಅದೇ ಮೂಲದಿಂದ ಬಂದದ್ದು. ಹತ್ತು ಎಕರೆಗಿಂತ ದೊಡ್ಡವಾದ 11,842 ಸರೋವರಗಳನ್ನು ಲೆಕ್ಕವಿಟ್ಟಿರುವ ಈ ರಾಜ್ಯದಲ್ಲಿ ನೀರಿನ ಹೆಸರುಗಳನ್ನು ಓದುತ್ತ ಹೋಗುವುದೆಂದರೆ ಒಂದರ ಮೇಲೊಂದು ಕುಳಿತ ಮೂರ್ನಾಲ್ಕು ಆಳ್ವಿಕೆಗಳನ್ನು ಓದಿದಂತೆ. ಹೀಗಿದ್ದೂ, ನೀರನ್ನೇ ಹೆಸರಾಗಿ ಹೊತ್ತ ನಗರದ ಅತಿ ದೊಡ್ಡ ಸರೋವರವು ಸುಮಾರು ಎರಡು ಶತಮಾನಗಳ ಕಾಲ ದಕ್ಷಿಣ ಕೆರೊಲಿನಾದ ರಾಜಕಾರಣಿಯೊಬ್ಬನ ಹೆಸರಿನಲ್ಲಿತ್ತು. ಅದರ ಡಕೋಟಾ ಹೆಸರಾದ 'ಬ್ಡೆ ಮಕಾ ಸ್ಕಾ' ಅಧಿಕೃತ ನಕ್ಷೆಗೆ ಮರಳಿದ್ದು 2018ರಲ್ಲಿ, ಮತ್ತು ಅಲ್ಲಿ ನೆಲೆಗೊಂಡದ್ದು ಇನ್ನೂ ಎರಡು ವರ್ಷಗಳ ನ್ಯಾಯಾಲಯದ ಹೋರಾಟದ ಬಳಿಕ.

ಡಕೋಟಾ ಜನರು 'ಏಳು ಸಭಾಗ್ನಿಗಳು' ಎಂದು ತಮ್ಮನ್ನು ಕರೆದುಕೊಳ್ಳುವ ದೊಡ್ಡ ಒಕ್ಕೂಟದ ಪೂರ್ವದ ಶಾಖೆಯವರು. ಹೊರಗಿನವರು ಇಡೀ ಒಕ್ಕೂಟಕ್ಕೆ 'ಸೂ' ಎಂಬ ಹೆಸರನ್ನು ಹಚ್ಚಿದರು. ಅದು ನೆರೆಯ ಒಜಿಬ್ವೆ ಜನರ ಪದವೊಂದು ಫ್ರೆಂಚರ ಬಾಯಲ್ಲಿ ಮೊಟಕಾಗಿ ಉಳಿದ ರೂಪ. ಡಕೋಟಾ ಪರಂಪರೆಯ ಪ್ರಕಾರ ಅವರ ಮೂಲಸ್ಥಾನ ಮಿಸಿಸಿಪ್ಪಿ ಮತ್ತು ಮಿನ್ನೆಸೋಟ ನದಿಗಳು ಕೂಡುವ ಸ್ಥಳ, ಅಂದರೆ ಇಂದಿನ ಮಿನಿಯಾಪೊಲಿಸ್ ವಿಮಾನ ನಿಲ್ದಾಣದ ಮಗ್ಗುಲು. ಈ ಸಂಗಮ, ಅದರ ಮೇಲುಭಾಗದ ಎರಡು ಜಲಪಾತಗಳು, ಒಂದು ಹಳ್ಳ, ಒಂದು ಸರೋವರ ಮಾಲೆ, ಇವಿಷ್ಟೂ ಒಂದೇ ನಗರದ ಎಲ್ಲೆಯಲ್ಲಿ ಅಥವಾ ಅದರ ಅಂಚಿನಲ್ಲಿವೆ. ನಗರ ರೈಲು ಮತ್ತು ಕಾಲುದಾರಿಗಳನ್ನು ನೆಚ್ಚಿಕೊಂಡರೆ ಒಂದರಿಂದ ಇನ್ನೊಂದಕ್ಕೆ ನೀರಿನ ಜೊತೆಯಲ್ಲೇ ಹೋಗಬಹುದು. ಹೆಸರುಗಳು ಹೇಗೆ ಹೋದವು, ಹೇಗೆ ಉಳಿದವು, ಹೇಗೆ ಮರಳಿದವು ಎಂಬ ಮೂರು ಪ್ರಶ್ನೆಗಳಿಗೂ ಈ ಸಣ್ಣ ಪ್ರದೇಶದಲ್ಲೇ ಉತ್ತರ ಸಿಗುತ್ತದೆ.

ರೈಲಿನ ನೀಲಿ ಮಾರ್ಗದಲ್ಲಿ ಬಂದು ಮಿನ್ನೆಹಾಹಾ ಉದ್ಯಾನದ ನಿಲ್ದಾಣದಲ್ಲಿ ಇಳಿದವರಿಗೆ ಕೆಲವೇ ನಿಮಿಷಗಳ ನಡಿಗೆಯಲ್ಲಿ ಜಲಪಾತದ ಸದ್ದು ಕೇಳಿಸುತ್ತದೆ. ಎತ್ತರ 53 ಅಡಿ. ಜೋಗವನ್ನು ಕಂಡ ಕಣ್ಣಿಗೆ ಇದು ಸಣ್ಣದೆನಿಸಬಹುದು, ಆದರೆ ಅದರ ರಚನೆ ಗಮನಿಸಬೇಕಾದದ್ದು. ಮೇಲೆ ಗಟ್ಟಿಯಾದ ಸುಣ್ಣಕಲ್ಲಿನ ಹಾಸು, ಅದರ ಕೆಳಗೆ ಉಗುರಿನಿಂದ ಕೆರೆದರೂ ಉದುರುವಷ್ಟು ಮೆದುವಾದ ಬಿಳಿ ಮರಳುಗಲ್ಲು. ನೀರಿನ ಎರಚಲು ಮತ್ತು ಚಳಿಗಾಲದ ಹಿಮ ಕೆಳಗಿನ ಮರಳುಗಲ್ಲನ್ನು ಕೊರೆಯುತ್ತವೆ, ಆಸರೆ ಕಳೆದುಕೊಂಡ ಸುಣ್ಣಕಲ್ಲು ಮುಂದಕ್ಕೆ ಚಾಚಿ ನಿಂತು ಕೊನೆಗೊಂದು ದಿನ ಮುರಿದು ಬೀಳುತ್ತದೆ, ಜಲಪಾತ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಹಿಮಯುಗ ಮುಗಿದಂದಿನಿಂದ ಈ ಸೀಮೆಯ ಜಲಪಾತಗಳು ಹೀಗೆ ಹಿಮ್ಮೆಟ್ಟುತ್ತಲೇ ಬಂದಿವೆ.

ಡಕೋಟಾ ಭಾಷೆಯಲ್ಲಿ ಜಲಪಾತಕ್ಕೆ ಇರುವ ಸಾಮಾನ್ಯ ಪದವೇ ಇಲ್ಲಿ ವಿಶೇಷನಾಮವಾಗಿದೆ. 'ಮ್ನಿ' ಎಂದರೆ ನೀರು, 'ಹಾಹಾ' ಎಂಬುದು ಸುರುಳಿ ಸುತ್ತಿ ಧುಮುಕುವುದನ್ನು ಸೂಚಿಸುತ್ತದೆ. ನದಿಗಳ ಸಂಗಮದ ಮೇಲಿನ ಸ್ನೆಲ್ಲಿಂಗ್ ಕೋಟೆಯ ಸೇನಾಧಿಕಾರಿಯ ಪತ್ನಿ ಮೇರಿ ಈಸ್ಟ್‌ಮನ್ 1849ರಲ್ಲಿ ಪ್ರಕಟಿಸಿದ ಡಕೋಟಾ ಕಥನಗಳ ಪುಸ್ತಕದಲ್ಲಿ ಇದಕ್ಕೆ 'ನಗುವ ನೀರು' ಎಂಬ ಅರ್ಥ ಬಂದಿತು. ಅದನ್ನು ಓದಿದ ಕವಿ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ 1855ರ ತನ್ನ 'ಹಯಾವಾಥಾ' ಕಾವ್ಯದಲ್ಲಿ ನಾಯಕಿಗೆ ಮಿನ್ನೆಹಾಹಾ ಎಂದು ಹೆಸರಿಟ್ಟ. ಕವಿ ಈ ಜಲಪಾತವನ್ನು ಎಂದೂ ಕಂಡವನಲ್ಲ. ಆದರೂ ಕಾವ್ಯದ ಜನಪ್ರಿಯತೆ ಎಷ್ಟಿತ್ತೆಂದರೆ, ಅದಕ್ಕೂ ಮುಂಚೆ ವಲಸಿಗರು ಬಳಸುತ್ತಿದ್ದ ಇಂಗ್ಲಿಷ್ ಹೆಸರುಗಳು ಮರೆಗೆ ಸರಿದು ಡಕೋಟಾ ಪದ ಗಟ್ಟಿಯಾಗಿ ನಿಂತಿತು. ಜಲಪಾತದ ಮೇಲುಗಡೆ ಶಿಲ್ಪಿ ಜೇಕಬ್ ಫೆಲ್ಡೆ ರೂಪಿಸಿದ ಕಂಚಿನ ವಿಗ್ರಹದಲ್ಲಿ ಕಾವ್ಯದ ನಾಯಕ ಹಯಾವಾಥಾ ಮಿನ್ನೆಹಾಹಾಳನ್ನು ಎತ್ತಿಕೊಂಡು ಹಳ್ಳ ದಾಟುತ್ತಿದ್ದಾನೆ. ಸಂದರ್ಶಕರು ಫೋಟೊ ತೆಗೆಸಿಕೊಳ್ಳುವುದು ಅದರ ಮುಂದೆಯೇ. ಹೆಸರು ಉಳಿಯಿತು, ಆದರೆ ಅದು ಉಳಿದದ್ದು ಯಾವುದೋ ಕಾಲದ, ಯಾವ ಹಕ್ಕನ್ನೂ ಕೇಳದ, ಕಾವ್ಯದೊಳಗಿನ ಮೂಲನಿವಾಸಿಗಳ ಹೆಸರಾಗಿ. ಕಾವ್ಯವು ಮನೆಮಾತಾಗುತ್ತಿದ್ದ ಅದೇ ವರ್ಷಗಳಲ್ಲಿ ಜೀವಂತ ಡಕೋಟಾ ಜನರನ್ನು ಈ ನೆಲದಿಂದ ಹೊರದೂಡಲಾಗುತ್ತಿತ್ತು ಎಂಬುದು ವಿಗ್ರಹದ ಮುಂದೆ ನಿಂತವರಿಗೆ ಹೊಳೆಯುವ ಸಂಗತಿಯಲ್ಲ.

ಈ ವೈರುಧ್ಯ ಮಿನ್ನೆಹಾಹಾ ಒಂದಕ್ಕೇ ಸೀಮಿತವಾಗಿದ್ದರೆ ಅದನ್ನು ಕವಿಯ ಖಾತೆಗೆ ಹಾಕಿ ಮುಂದೆ ಹೋಗಬಹುದಿತ್ತು. ಆದರೆ ಮಿನ್ನೆಸೋಟ ನದಿಯ ಕಥೆಯೂ ಹಾಗೆಯೇ ಇದೆ. ಫ್ರೆಂಚರು ಇಟ್ಟ ಹೆಸರಿನಿಂದಾಗಿ ಬಹುಕಾಲ ಅದು ಸೇಂಟ್ ಪೀಟರ್ ನದಿಯಾಗಿತ್ತು. 1851ರಲ್ಲಿ ಟ್ರಾವರ್ಸ್ ಡಿ ಸೂ ಮತ್ತು ಮೆಂಡೋಟಾ ಎಂಬ ಎರಡು ಕಡೆ ನಡೆದ ಒಪ್ಪಂದಗಳಲ್ಲಿ ಡಕೋಟಾ ಜನರು ಸುಮಾರು 2.4 ಕೋಟಿ ಎಕರೆ ನೆಲವನ್ನು ಬಿಟ್ಟುಕೊಟ್ಟು ನದಿಯ ಇಕ್ಕೆಲದ ಕಿರಿದಾದ ಪಟ್ಟಿಗೆ ಸರಿಯಬೇಕಾಯಿತು. ಮರುವರ್ಷ, 1852ರಲ್ಲಿ, ಪ್ರಾಂತ್ಯದ ಶಾಸಕಾಂಗದ ಕೋರಿಕೆಯ ಮೇರೆಗೆ ಅಮೆರಿಕದ ಕಾಂಗ್ರೆಸ್ಸು ಸೇಂಟ್ ಪೀಟರ್ ಹೆಸರನ್ನು ತೆಗೆದು ನದಿಗೆ ಅದರ ಡಕೋಟಾ ಹೆಸರನ್ನು ಅಧಿಕೃತಗೊಳಿಸಿತು. ಇದು ಈ ರಾಜ್ಯದಲ್ಲಿ ಮೂಲನಿವಾಸಿ ಹೆಸರೊಂದು ಸರ್ಕಾರಿ ಆದೇಶದಿಂದ ಮರಳಿದ ಪ್ರಸಂಗ. ಡಕೋಟಾ ಜನರ ನೆಲ ಕೈಬಿಟ್ಟ ಮೇಲೆ ವಲಸಿಗರು ಅವರ ಹೆಸರನ್ನೂ ಪಡೆದುಕೊಂಡ ಪ್ರಸಂಗ. ಆದ್ದರಿಂದ ನಕ್ಷೆಯ ಮೇಲೆ ಡಕೋಟಾ ಪದ ಕಾಣಿಸಿಕೊಂಡ ಮಾತ್ರಕ್ಕೆ ಅದನ್ನು ಮರುಸ್ಥಾಪನೆ ಎನ್ನಲಾಗದು. ಆ ಪದವನ್ನು ಕೇಳಿದವರು ಯಾರು, ಯಾವ ಲೆಕ್ಕ ಚುಕ್ತಾ ಮಾಡಲೆಂದು ಕೇಳಿದರು ಎಂಬುದನ್ನು ನೋಡಿಯೇ ನಿರ್ಣಯಕ್ಕೆ ಬರಬೇಕು. 1852ರ ಹೆಸರು ಬದಲಾವಣೆಗೂ 2018ರ ಹೆಸರು ಬದಲಾವಣೆಗೂ ಇರುವ ಅಂತರ ಅಲ್ಲಿಯೇ ಇದೆ.

ಮಿನ್ನೆಹಾಹಾ ಹಳ್ಳವು ಪಶ್ಚಿಮದ ಮಿನ್ನೆಟೊಂಕಾ ಸರೋವರದಲ್ಲಿ ಹುಟ್ಟಿ, ಸುಮಾರು 35 ಕಿಲೋಮೀಟರ್ ಬಳಸಿಕೊಂಡು ಬಂದು, ಜಲಪಾತವಾಗಿ ಧುಮುಕಿ ಮಿಸಿಸಿಪ್ಪಿಯನ್ನು ಸೇರುತ್ತದೆ. ಅದರ ದಂಡೆಯ ಕಾಲುದಾರಿಯನ್ನು ಹಿಡಿದು ಮೇಲಕ್ಕೆ ನಡೆದರೆ ಓಕ್ ಮರಗಳ ನೆರಳು, ಕಲ್ಲಿನ ಕಿರುಸೇತುವೆಗಳು, ಮನೆಗಳ ಹಿತ್ತಿಲುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಈ ಹಳ್ಳಕ್ಕೆ ನಗರದ ಸರೋವರ ಮಾಲೆಯಿಂದ ನೀರು ಬರುತ್ತದೆ. ಮೊದಲು ಸಿಗುವುದು ಹ್ಯಾರಿಯೆಟ್ ಸರೋವರ; ಇದು 1819ರಲ್ಲಿ ಸೈನ್ಯದೊಂದಿಗೆ ಇಲ್ಲಿಗೆ ಬಂದು ಶಿಬಿರ ಹೂಡಿದ ಕರ್ನಲ್ ಹೆನ್ರಿ ಲೆವೆನ್‌ವರ್ತ್‌ನ ಪತ್ನಿಯ ಹೆಸರು, ಮತ್ತು ಇಂದಿಗೂ ಹಾಗೆಯೇ ಇದೆ. ಅದರ ವಾಯವ್ಯಕ್ಕೆ, ನಡುವೆ ಒಂದು ಕಿರು ದಿಬ್ಬವನ್ನು ಬಿಟ್ಟರೆ ಅಂಟಿಕೊಂಡಂತೆ, ಬ್ಡೆ ಮಕಾ ಸ್ಕಾ ಇದೆ.

ಸುಮಾರು 400 ಎಕರೆ ಹರವಿನ ಈ ಸರೋವರವನ್ನು ಒಂದು ಸುತ್ತು ಬರಲು ಸುಮಾರು 5 ಕಿಲೋಮೀಟರ್ ನಡೆಯಬೇಕು. ನಡೆಯುವವರಿಗೊಂದು, ಸೈಕಲ್ಲಿನವರಿಗೊಂದು ದಾರಿ ಇದೆ. ಬೇಸಿಗೆಯಲ್ಲಿ ಹಾಯಿದೋಣಿಗಳು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಸ್ಕೇಟಿಂಗ್ ಮಾಡುವವರು, ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿ ಕೂರುವವರು ಕಾಣುತ್ತಾರೆ. ಸರೋವರದ ಈಗಿನ ಅಂಚು ಪೂರ್ತಿ ಪ್ರಕೃತಿಯದ್ದಲ್ಲ. 1883ರಲ್ಲಿ ಸ್ಥಾಪನೆಯಾದ ನಗರದ ಉದ್ಯಾನ ಮಂಡಳಿಯು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಜೌಗನ್ನು ಅಗೆದು, ಹೂಳನ್ನು ದಂಡೆಗೆ ಸುರಿದು, 1911ರಲ್ಲಿ ಪಕ್ಕದ ಸರೋವರಕ್ಕೆ ಕಾಲುವೆ ಕಡಿದು ಜೋಡಿಸಿ ಇದನ್ನು ಇಂದಿನ ಸುಂದರ ರೂಪಕ್ಕೆ ತಂದಿತು. ಡಕೋಟಾ ಜನರು ಕಾಡುಭತ್ತ ಕೊಯ್ಯುತ್ತಿದ್ದ ಬಗೆಯ ಜೌಗು ಅಂಚುಗಳು ಇಂಥ ಕೆಲಸದಲ್ಲಿ ಮೊದಲು ಕಾಣೆಯಾಗುವ ಜಾಗಗಳು.

'ಬ್ಡೆ' ಎಂದರೆ ಸರೋವರ, 'ಮಕಾ' ನೆಲ ಅಥವಾ ಮಣ್ಣು, 'ಸ್ಕಾ' ಬಿಳುಪು. ಇದರ ಪೂರ್ವ ದಂಡೆಯಲ್ಲಿ 1829ರ ಸುಮಾರಿಗೆ ಡಕೋಟಾ ನಾಯಕ ಮಖ್ಪಿಯಾ ವಿಚಾಷ್ಟಾ, ಇಂಗ್ಲಿಷಿನಲ್ಲಿ ಕ್ಲೌಡ್ ಮ್ಯಾನ್, ಒಂದು ಹಳ್ಳಿಯನ್ನು ನೆಲೆಗೊಳಿಸಿದ; ಅದರ ಹೆಸರು ಹೇಯಾತಾ ಒತುನ್ವೆ. ಬೇಟೆ ಕಡಿಮೆಯಾಗುತ್ತಿದ್ದ ಕಾಲದಲ್ಲಿ ತನ್ನವರು ಹಸಿವಿನಿಂದ ಪಾರಾಗಬೇಕಾದರೆ ಉಳುಮೆಯನ್ನೂ ಕೈಗೆತ್ತಿಕೊಳ್ಳಬೇಕೆಂದು ತೀರ್ಮಾನಿಸಿದವನು ಆತ, ಮತ್ತು ಸರ್ಕಾರದ ಪ್ರತಿನಿಧಿ ಲಾರೆನ್ಸ್ ಟಾಲಿಯಫೆರೊ ಅದಕ್ಕೆ ಒತ್ತಾಸೆಯಾಗಿ ನಿಂತ. ಇಲ್ಲಿ ಮೆಕ್ಕೆಜೋಳ ಬೆಳೆಯಿತು. 1834ರಲ್ಲಿ ಕನೆಕ್ಟಿಕಟ್‌ನಿಂದ ಬಂದ ಸ್ಯಾಮ್ಯುಯೆಲ್ ಮತ್ತು ಗಿಡಿಯನ್ ಪಾಂಡ್ ಎಂಬ ಕ್ರೈಸ್ತ ಸಹೋದರರು ಹಳ್ಳಿಯ ಬಳಿಯ ದಿಬ್ಬದಲ್ಲಿ ಮರದ ಮನೆ ಕಟ್ಟಿ, ನೆರೆಯವರ ಮಾತನ್ನು ಕೇಳಿ ಕಲಿತು, ಅದಕ್ಕೊಂದು ಅಕ್ಷರಮಾಲೆಯನ್ನು ಹೊಂದಿಸಿದರು. ಪಾಂಡ್ ಸಹೋದರರೂ ಸೇರಿದಂತೆ ಹಲವು ಮಿಷನರಿಗಳು ಕೂಡಿಹಾಕಿದ ಪದರಾಶಿಯನ್ನು ಆಧರಿಸಿ ಸ್ಟೀಫನ್ ರಿಗ್ಸ್ ಸಂಪಾದಿಸಿದ ಡಕೋಟಾ ವ್ಯಾಕರಣ ಮತ್ತು ನಿಘಂಟು 1852ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯಿಂದ ಹೊರಬಂತು. ಪದಗಳನ್ನು ಅಕ್ಷರಕ್ಕಿಳಿಸಿದವರ ಉದ್ದೇಶ ಮತಪ್ರಚಾರವಾಗಿತ್ತು. ಆದರೂ ಇಂದು ಆ ನುಡಿಯನ್ನು ಮತ್ತೆ ಕಲಿಯುವ ಡಕೋಟಾ ಯುವಜನರು ಆ ಪುಟಗಳನ್ನು ತಿರುವಿಹಾಕಬೇಕಾಗುತ್ತದೆ ಎಂಬುದು ಇತಿಹಾಸದ ಜಟಿಲತೆಗೆ ಸೇರಿದ್ದು. ಪಾಂಡರ ಮನೆಯಿದ್ದ ದಿಬ್ಬದಲ್ಲಿ ಈಗ ಗ್ರೀಕ್ ಆರ್ಥೊಡಾಕ್ಸ್ ಇಗರ್ಜಿಯೊಂದಿದೆ. ಮಖ್ಪಿಯಾ ವಿಚಾಷ್ಟಾನ ಜನರು ಒಜಿಬ್ವೆಗಳೊಂದಿಗಿನ ಕದನದ ಭೀತಿಯಿಂದ 1839ರಲ್ಲಿ ಈ ದಂಡೆಯನ್ನು ಬಿಟ್ಟು ಮಿನ್ನೆಸೋಟ ನದಿಯ ಕಡೆಗೆ ಸರಿದರು.

ಸರೋವರಕ್ಕೆ ಅಂಟಿದ್ದ ಇನ್ನೊಂದು ಹೆಸರು ಜಾನ್ ಸಿ. ಕ್ಯಾಲ್ಹೂನ್‌ನದು. ಆತ 1817ರಿಂದ 1825ರವರೆಗೆ ಅಮೆರಿಕದ ಯುದ್ಧ ಕಾರ್ಯದರ್ಶಿ, ಬಳಿಕ ಉಪಾಧ್ಯಕ್ಷ, ಆಮೇಲೆ ಸೆನೆಟ್ ಸದಸ್ಯ. ಗುಲಾಮಗಿರಿಯನ್ನು ಅನಿವಾರ್ಯ ಕೇಡೆಂದು ಸಹಿಸಿಕೊಳ್ಳುತ್ತಿದ್ದವರ ನಡುವೆ ಅದು ಸಮಾಜಕ್ಕೆ ಒಳಿತೇ ಎಂದು 1837ರಲ್ಲಿ ಸೆನೆಟ್ಟಿನಲ್ಲಿ ವಾದಿಸಿದವನು ಅವನು. ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಪಶ್ಚಿಮಕ್ಕೆ ಸಾಗಿಸುವ ನೀತಿಯ ಆರಂಭಿಕ ಯೋಜನೆಗಳೂ ಅವನ ಇಲಾಖೆಯಲ್ಲಿ ರೂಪುಗೊಂಡವು. ಅವನ ಅಧಿಕಾರಾವಧಿಯಲ್ಲೇ ನದಿಗಳ ಸಂಗಮದ ಮೇಲೆ ಸ್ನೆಲ್ಲಿಂಗ್ ಕೋಟೆ ಎದ್ದಿತು, ಆಗ ಬಂದ ಸೈನಿಕ ಮೋಜಣಿದಾರರ ನಕ್ಷೆಗಳ ಮೂಲಕ ಸರೋವರಕ್ಕೆ ಅವನ ಹೆಸರು ನಿಂತಿತು. ನೀರಿಗೂ ಅವನಿಗೂ ಇದ್ದ ನಂಟು ಅಷ್ಟೇ, ಆಡಳಿತದ ನಂಟು.

ಹಳ್ಳಿ ಸರಿದು ಹೋದದ್ದು ಒಂದು ಹಂತ. ಜನರೇ ಇಲ್ಲವಾದದ್ದು ಇನ್ನೊಂದು. 1862ರ ಬೇಸಿಗೆಯಲ್ಲಿ ಒಪ್ಪಂದದಂತೆ ಬರಬೇಕಾದ ಹಣ ಬರಲಿಲ್ಲ, ಉಗ್ರಾಣದಲ್ಲಿ ಆಹಾರವಿದ್ದರೂ ಹಸಿದವರಿಗೆ ಸಿಗಲಿಲ್ಲ, ಆಗಸ್ಟ್‌ನಲ್ಲಿ ಡಕೋಟಾ ಜನರ ಒಂದು ಭಾಗ ಯುದ್ಧಕ್ಕಿಳಿಯಿತು. ಆರು ವಾರಗಳಲ್ಲಿ ಯುದ್ಧ ಮುಗಿದ ಮೇಲೆ ಸೇನಾ ವಿಚಾರಣೆ 303 ಮಂದಿಗೆ ಮರಣದಂಡನೆ ವಿಧಿಸಿತು. ಅಧ್ಯಕ್ಷ ಲಿಂಕನ್ ಪಟ್ಟಿಯನ್ನು ಮೊಟಕುಗೊಳಿಸಿದ ಬಳಿಕ 1862ರ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಯುದ್ಧದಲ್ಲಿ ಪಾಲ್ಗೊಳ್ಳದ ಸುಮಾರು 1,600 ಮಂದಿ ಹೆಂಗಸರು, ಮಕ್ಕಳು, ಮುದುಕರನ್ನು ಸ್ನೆಲ್ಲಿಂಗ್ ಕೋಟೆಯ ಕೆಳಗಿನ ಬಯಲಿನಲ್ಲಿ ಬೇಲಿ ಹಾಕಿ ಚಳಿಗಾಲವಿಡೀ ಕೂಡಿಹಾಕಿದರು. ರೋಗದಿಂದ ನೂರಾರು ಮಂದಿ ತೀರಿಕೊಂಡರು. ಶಾಂತಿಯನ್ನೇ ಬಯಸಿದ್ದ ಮಖ್ಪಿಯಾ ವಿಚಾಷ್ಟಾ ಕೂಡ ಆ ಬಂದಿಶಿಬಿರದಲ್ಲೇ ಕೊನೆಯುಸಿರೆಳೆದ. ಬದುಕುಳಿದವರನ್ನು 1863ರಲ್ಲಿ ದೋಣಿಗಳಲ್ಲಿ ತುಂಬಿ ಮಿನ್ನೆಸೋಟದಿಂದ ಹೊರಕ್ಕೆ, ಕ್ರೋ ಕ್ರೀಕ್ ಎಂಬ ಬರಡು ನೆಲಕ್ಕೆ ಸಾಗಿಸಲಾಯಿತು. ಸರೋವರದ ಹಳೆಯ ಹೆಸರನ್ನು ಯಾವ ಕಾನೂನೂ ನಿಷೇಧಿಸಬೇಕಾಗಿ ಬರಲಿಲ್ಲ. ಅದನ್ನು ಹೇಳುವ ಬಾಯಿಗಳನ್ನೇ ದೂರ ಮಾಡಲಾಗಿತ್ತು.

ಕನ್ನಡ ಓದುಗರಿಗೆ ಹೆಸರು ಬದಲಾವಣೆ ಹೊಸದಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾದವು. ಆದರೆ ಅಲ್ಲಿ ಬದಲಾದದ್ದು ಫಲಕದ ಕಾಗುಣಿತ ಮಾತ್ರ. ಬೆಂಗಳೂರು ಎಂಬ ಹೆಸರು ಕನ್ನಡಿಗರ ಮಾತಿನಿಂದ ಒಂದು ದಿನಕ್ಕೂ ಮರೆಯಾಗಿರಲಿಲ್ಲ. ಬ್ಡೆ ಮಕಾ ಸ್ಕಾದ ಹೆಸರು ದಂಡೆಯಿಂದ ನೂರಾರು ಕಿಲೋಮೀಟರ್ ಆಚೆ, ಗಡೀಪಾರಾದ ಕುಟುಂಬಗಳ ನೆನಪಿನಲ್ಲಿ ಐದಾರು ತಲೆಮಾರು ಬದುಕಬೇಕಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಆ ಕುಟುಂಬಗಳ ಸಂತತಿಯೇ ಹೆಸರನ್ನು ಮರಳಿ ತಂದಿತು. ಮಖ್ಪಿಯಾ ವಿಚಾಷ್ಟಾನ ವಂಶದವರಲ್ಲಿ ವೈದ್ಯ ಮತ್ತು ಲೇಖಕ ಚಾರ್ಲ್ಸ್ ಈಸ್ಟ್‌ಮನ್ ಇಪ್ಪತ್ತನೆಯ ಶತಮಾನದ ಆದಿಯಲ್ಲೇ ಪ್ರಸಿದ್ಧನಾಗಿದ್ದ; ಅದೇ ವಂಶದ ಅವಳಿ ಸಹೋದರಿಯರಾದ ಇತಿಹಾಸಕಾರ್ತಿ ಕೇಟ್ ಬೀನ್ ಮತ್ತು ಕಾರ್ಲಿ ಬ್ಯಾಡ್ ಹಾರ್ಟ್ ಬುಲ್ ಈ ಶತಮಾನದಲ್ಲಿ ಸರೋವರದ ಹೆಸರಿಗಾಗಿ ಸಾರ್ವಜನಿಕವಾಗಿ ಮಾತನಾಡಿದವರಲ್ಲಿ ಮುಂಚೂಣಿಯವರು. 2015ರ ಜೂನ್‌ನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಇಗರ್ಜಿಯೊಂದರಲ್ಲಿ ಜನಾಂಗದ್ವೇಷಿಯೊಬ್ಬ ಒಂಬತ್ತು ಮಂದಿ ಕಪ್ಪು ಜನರನ್ನು ಕೊಂದ ಮೇಲೆ ಗುಲಾಮಗಿರಿಯ ಸಮರ್ಥಕರ ಸ್ಮಾರಕಗಳ ಬಗ್ಗೆ ದೇಶದೆಲ್ಲೆಡೆ ಪ್ರಶ್ನೆ ಎದ್ದಿತು, ಮಿನಿಯಾಪೊಲಿಸ್‌ನಲ್ಲೂ ಕ್ಯಾಲ್ಹೂನ್ ಹೆಸರಿನ ವಿರುದ್ಧ ಸಹಿ ಸಂಗ್ರಹ ನಡೆಯಿತು. ಆ ವರ್ಷವೇ ಉದ್ಯಾನ ಮಂಡಳಿಯು ದಂಡೆಯ ಫಲಕಗಳಲ್ಲಿ ಎರಡೂ ಹೆಸರುಗಳನ್ನು ಬರೆಸಿತು. ಇಲ್ಲಿ ಎರಡು ಬೇಡಿಕೆಗಳು ಒಂದರೊಳಗೊಂದು ಬೆರೆತಿದ್ದವು. ಕ್ಯಾಲ್ಹೂನ್ ಹೆಸರು ಹೋಗಲಿ ಎಂಬುದು ಒಂದು. ಬ್ಡೆ ಮಕಾ ಸ್ಕಾ ಬರಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಾವ ಹೊಸ ಹೆಸರಾದರೂ ಸಾಕಿತ್ತು. ಎರಡನೆಯದನ್ನು ಕೇಳಿದವರು ಹೊಸ ಹೆಸರನ್ನು ಕೇಳುತ್ತಿರಲಿಲ್ಲ, ತಮ್ಮ ಹಿರಿಯರು ಇಲ್ಲಿ ಮನೆ ಕಟ್ಟಿ ಬೆಳೆ ಬೆಳೆದಿದ್ದರೆಂಬುದನ್ನು ನಗರವು ಒಪ್ಪಿಕೊಳ್ಳಬೇಕೆಂದು ಕೇಳುತ್ತಿದ್ದರು. ಇಡೀ ಚರ್ಚೆಯಲ್ಲಿ ಹೆಚ್ಚು ತೂಕದ್ದು ಎರಡನೆಯ ಬೇಡಿಕೆಯೇ, ಆದರೆ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಹೆಚ್ಚು ಜಾಗ ಪಡೆದದ್ದು ಮೊದಲನೆಯದು.

ಮುಂದಿನ ಹಾದಿ ಕಚೇರಿಯಿಂದ ಕಚೇರಿಗೆ ಸಾಗಿತು. ಅಮೆರಿಕದಲ್ಲಿ ಸರೋವರವೊಂದರ ಹೆಸರು ಬದಲಾಗಬೇಕಾದರೆ ಸ್ಥಳೀಯ ಆಡಳಿತ, ರಾಜ್ಯ, ಕೇಂದ್ರ ಎಂಬ ಮೂರು ಮೆಟ್ಟಿಲು ಹತ್ತಬೇಕು. 2017ರ ನವೆಂಬರ್‌ನಲ್ಲಿ ಹೆನೆಪಿನ್ ಕೌಂಟಿಯ ಮಂಡಳಿ, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಗೆ ಸ್ಥೂಲವಾಗಿ ಹೋಲಿಸಬಹುದಾದ ಚುನಾಯಿತ ಸಂಸ್ಥೆ, ನಾಲ್ಕಕ್ಕೆ ಮೂರು ಮತಗಳ ಅಂತರದಲ್ಲಿ ಹೆಸರು ಬದಲಾವಣೆಯನ್ನು ಒಪ್ಪಿತು. 2018ರ ಜನವರಿಯಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರದ ಭೌಗೋಳಿಕ ಹೆಸರುಗಳ ಮಂಡಳಿ ಅನುಮೋದಿಸಿದವು. ಬದಲಾವಣೆಯನ್ನು ವಿರೋಧಿಸಿದ ನಿವಾಸಿಗಳ ಗುಂಪು ನ್ಯಾಯಾಲಯಕ್ಕೆ ಹೋಯಿತು. ರಾಜ್ಯದಲ್ಲಿ 1925ರಿಂದ ಇರುವ ಕಾನೂನಿನ ಪ್ರಕಾರ 40 ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಲ್ಲಿರುವ ಸರೋವರದ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅವರ ವಾದ. 2019ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪರಿಣಾಮವಾಗಿ ಒಂದೇ ನೀರು ಕೇಂದ್ರದ ದಾಖಲೆಯಲ್ಲಿ ಬ್ಡೆ ಮಕಾ ಸ್ಕಾ, ರಾಜ್ಯದ ಕಾನೂನಿನಲ್ಲಿ ಕ್ಯಾಲ್ಹೂನ್ ಆಗಿ ಉಳಿಯಿತು. ದಂಡೆಯ ಫಲಕಗಳನ್ನು ಉದ್ಯಾನ ಮಂಡಳಿ ಕೀಳಲಿಲ್ಲ, ಬದಲಿಗೆ ಸರೋವರದ ಸುತ್ತಲಿನ ತನ್ನ ರಸ್ತೆಗಳಿಗೂ ಡಕೋಟಾ ಹೆಸರನ್ನೇ ಇಟ್ಟಿತು. 2020ರ ಮೇ 13ರಂದು ಮಿನ್ನೆಸೋಟದ ಸರ್ವೋಚ್ಚ ನ್ಯಾಯಾಲಯವು 40 ವರ್ಷದ ಮಿತಿ ಕೌಂಟಿಗೆ ಅನ್ವಯಿಸುವುದೇ ಹೊರತು ಇಲಾಖೆಯ ಆಯುಕ್ತರ ಅಧಿಕಾರವನ್ನು ಅದು ಕಟ್ಟಿಹಾಕುವುದಿಲ್ಲವೆಂದು ತೀರ್ಪಿತ್ತು ವಿವಾದಕ್ಕೆ ತೆರೆ ಎಳೆಯಿತು.

ವಿರೋಧಿಗಳ ಆಕ್ಷೇಪಗಳಲ್ಲಿ ಉಚ್ಚಾರಣೆಯ ಕಷ್ಟವೂ ಒಂದಾಗಿತ್ತು. ಬಕಾರಕ್ಕೆ ಡಕಾರದ ಒತ್ತು ಕೊಟ್ಟು ಬರೆಯಬಲ್ಲ ಕನ್ನಡ ಲಿಪಿಗೆ ಅದು ತೊಡಕೇ ಅಲ್ಲ. ಇಂಗ್ಲಿಷ್ ನಾಲಿಗೆಯೂ ಕ್ರಮೇಣ ಪಳಗಿತು. ಹೆಸರು ಬದಲಿಸುವುದೆಂದರೆ ಇತಿಹಾಸವನ್ನು ಅಳಿಸುವುದು ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದಕ್ಕೆ ಉತ್ತರ ಮಿನ್ನೆಹಾಹಾದ ಬಂಡೆಯಲ್ಲಿದೆ. ಜಲಪಾತದ ಕೆಳಗೆ ಉದುರುವ ಬಿಳಿ ಮರಳುಗಲ್ಲನ್ನು ಭೂವಿಜ್ಞಾನಿಗಳು ಇಂದಿಗೂ 'ಸೇಂಟ್ ಪೀಟರ್ ಮರಳುಗಲ್ಲು' ಎನ್ನುತ್ತಾರೆ. ಮಿನ್ನೆಸೋಟ ನದಿ ಇನ್ನೂ ಸೇಂಟ್ ಪೀಟರ್ ಆಗಿದ್ದ ದಿನಗಳಲ್ಲಿ ಆ ನದಿಯ ದಂಡೆಯಲ್ಲಿ ಗುರುತಿಸಿದ ಶಿಲಾಸ್ತರವದು. ನದಿಯ ಹೆಸರು ಬದಲಾಗಿ 170ಕ್ಕೂ ಹೆಚ್ಚು ವರ್ಷ ಕಳೆದರೂ ಹಳೆಯ ಹೆಸರು ಶಾಸ್ತ್ರಗ್ರಂಥಗಳಲ್ಲಿ, ನಕ್ಷೆಗಳಲ್ಲಿ, ನದಿಯ ದಂಡೆಯ ಒಂದು ಪಟ್ಟಣದಲ್ಲಿ ಕ್ಷೇಮವಾಗಿದೆ. ಆಳಿದವರ ಹೆಸರುಗಳಿಗೆ ಉಳಿಯಲು ಬೇಕಾದಷ್ಟು ದಾಖಲೆಗಳ ಆಸರೆ ಇದೆ. ಆ ಆಸರೆ ಇಲ್ಲದೆ ಹೋದದ್ದು ಡಕೋಟಾ ಹೆಸರುಗಳಿಗೆ.

2019ರಲ್ಲಿ, ಅಂದರೆ ಮೊಕದ್ದಮೆ ಇನ್ನೂ ನಡೆಯುತ್ತಿದ್ದ ವರ್ಷದಲ್ಲೇ, ಹಳ್ಳಿಯ ನೆನಪಿಗಾಗಿ ದಂಡೆಯಲ್ಲೊಂದು ಸಾರ್ವಜನಿಕ ಕಲಾಕೃತಿ ಸಿದ್ಧವಾಯಿತು. ಅದು ಎತ್ತರದ ಸ್ಮಾರಕವಲ್ಲ, ಒಂದು ಕಟಾಂಜನ; ನಡೆಯುವವರ ಕೈಗೆ ಎಟಕುವಷ್ಟೇ ಎತ್ತರ. ಅದರ ಲೋಹದ ಹಾಳೆಗಳಲ್ಲಿ ಮಖ್ಪಿಯಾ ವಿಚಾಷ್ಟಾನ ಹಳ್ಳಿಯ ಬದುಕನ್ನು ಚಿತ್ರಿಸಲಾಗಿದೆ, ಪಕ್ಕದ ಕಾಲುದಾರಿಯ ಸಿಮೆಂಟಿನಲ್ಲಿ ಈ ನೆಲದ ಗಿಡ, ಪ್ರಾಣಿಗಳ ರೂಪಗಳನ್ನು ಅಚ್ಚೊತ್ತಲಾಗಿದೆ. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ಡಕೋಟಾ ಕಲಾವಿದೆ ಏಂಜೆಲಾ ಟೂ ಸ್ಟಾರ್ಸ್ ಅವರ ಇನ್ನೊಂದು ಕೃತಿ ಸರೋವರದಿಂದ ದೂರವಲ್ಲದ ನಗರ ಶಿಲ್ಪೋದ್ಯಾನದಲ್ಲಿ 2021ರಿಂದ ಇದೆ: ನೀರಿನ ಅಲೆಗಳು ಹರಡಿದಂತೆ ಬಾಗಿದ ಆಸನಗಳ ವೃತ್ತಗಳು, ನಡುವೆ ನೀರು, ಸುತ್ತಲೂ ಡಕೋಟಾ ಪದಗಳು. 2017ರಲ್ಲಿ ಅದೇ ಉದ್ಯಾನದಲ್ಲಿ ಮ್ಯಾಂಕೇಟೊದ ಗಲ್ಲುಗಂಬವನ್ನು ಹೋಲುವ ಶಿಲ್ಪವೊಂದನ್ನು ಡಕೋಟಾ ಜನರನ್ನು ಕೇಳದೆ ನಿಲ್ಲಿಸಿ, ಅವರ ಪ್ರತಿಭಟನೆಯ ನಂತರ ಅವರ ಹಿರಿಯರ ಸಮ್ಮುಖದಲ್ಲಿ ಕಳಚಲಾಗಿತ್ತು. ಆ ಗಾಯದ ನೆಲದಲ್ಲಿ ನುಡಿಯನ್ನು ಕುರಿತ ಕೃತಿ ಬಂದು ನೆಲೆಸಿದ್ದು ಅರ್ಥಪೂರ್ಣ. ಮಿನ್ನೆಸೋಟದಲ್ಲಿ ಡಕೋಟಾವನ್ನು ತಾಯ್ನುಡಿಯಾಗಿ ಆಡುತ್ತ ಬೆಳೆದ ಹಿರಿಯರು ಈಗ ತೀರ ವಿರಳ. ವಿಶ್ವವಿದ್ಯಾಲಯದ ತರಗತಿಗಳಲ್ಲಿ, ಸಮುದಾಯದ ಶಾಲೆಗಳಲ್ಲಿ ಕಲಿಯುವವರೇ ಅದರ ಮುಂದಿನ ತಲೆಮಾರು.

ಸರೋವರದಿಂದ ಈಶಾನ್ಯಕ್ಕೆ ಹೊರಟು ನಗರದ ನಡುಭಾಗವನ್ನು ದಾಟಿದರೆ ಮಿಸಿಸಿಪ್ಪಿಯ ಮೇಲಿನ ಏಕೈಕ ದೊಡ್ಡ ಸಹಜ ಜಲಪಾತ ಎದುರಾಗುತ್ತದೆ. 1680ರಲ್ಲಿ ಇಲ್ಲಿಗೆ ಬಂದ ಪಾದ್ರಿ ಲೂಯಿ ಹೆನೆಪಿನ್ ತನ್ನ ಆರಾಧ್ಯ ಸಂತನ ಹೆಸರನ್ನು ಇಟ್ಟು ಇದನ್ನು ಸೇಂಟ್ ಆಂಥೊನಿ ಜಲಪಾತವೆಂದು ಕರೆದ. ಡಕೋಟಾ ಜನರಿಗೆ ಇದು ಒವಾಮ್ನಿಯೊಮ್ನಿ, ಸುಳಿಸುತ್ತುವ ನೀರು. ಇಂದು ಅಲ್ಲಿ ಸುಳಿಗಳಿಲ್ಲ. ಗಿರಣಿಗಳಿಗೆ ನೀರಿನ ಬಲ ಒದಗಿಸಲು ಹೋಗಿ 1869ರಲ್ಲಿ ಅಡಿಯ ಸುರಂಗವೊಂದು ಕುಸಿದು ಜಲಪಾತವೇ ಕೊಚ್ಚಿಹೋಗುವ ಭಯ ಹುಟ್ಟಿದ ಮೇಲೆ ಅದರ ಮೈಗೆ ಮರದ ಇಳಿಜಾರು ಹೊದಿಸಿದರು, ಬಳಿಕ ಕಾಂಕ್ರೀಟು ಬಂತು. ಡಕೋಟಾ ಜನರಿಗೆ ಪವಿತ್ರವಾಗಿದ್ದ ನಡುಗಡ್ಡೆಯೊಂದನ್ನು ಸುಣ್ಣಕಲ್ಲಿಗಾಗಿ ಅಗೆದರು, ಉಳಿದದ್ದನ್ನು ಹಡಗುಗಳ ದಾರಿಗಾಗಿ ಕಿತ್ತರು. 1963ರಲ್ಲಿ ತೆರೆದ ಹಡಗಿನ ಕಟ್ಟೆಯನ್ನು, ಹೊರನಾಡಿನ ಕಾರ್ಪ್ ಮೀನುಗಳು ಮೇಲಕ್ಕೆ ಹರಡದಂತೆ ತಡೆಯಲು, 2015ರಲ್ಲಿ ಮುಚ್ಚಲಾಯಿತು. ಆ ಕಟ್ಟೆಯ ಪಕ್ಕದ ನೆಲವನ್ನು ಪಡೆದು ಅಲ್ಲಿ ಈ ಸೀಮೆಯದೇ ಗಿಡಗಳನ್ನು ಬೆಳೆಸಿ ನೀರಿನ ಹರಿವನ್ನು ಮತ್ತೆ ಕಾಣಿಸಬೇಕೆಂಬ ಯತ್ನದಲ್ಲಿ ಡಕೋಟಾ ನಾಯಕತ್ವದ ಸಂಸ್ಥೆಯೊಂದು ತೊಡಗಿದೆ. ಅದರ ಹೆಸರೇ ಒವಾಮ್ನಿಯೊಮ್ನಿ ಒಖೋದಯಾಪಿ. ಮಿನ್ನೆಸೋಟದಲ್ಲಿ ಕೇಂದ್ರದ ಮನ್ನಣೆ ಪಡೆದ ನಾಲ್ಕು ಡಕೋಟಾ ಸಮುದಾಯಗಳು ಅದರ ಬೆನ್ನಿಗಿವೆ. ಇಲ್ಲಿ ಹೆಸರಿನ ಮರುಸ್ಥಾಪನೆ ನೀರಿನ ಮರುಸ್ಥಾಪನೆಯ ಜೊತೆಗೇ ನಡೆಯಬೇಕಾಗಿದೆ, ಏಕೆಂದರೆ ಹೆಸರು ಹೇಳುವ ಸುಳಿಗಳೇ ಕಾಂಕ್ರೀಟಿನಡಿ ಇವೆ.

ನದಿಯ ಇಳಿಜಾರಿನಲ್ಲಿ ಸಾಗಿದರೆ ಕೊನೆಗೆ ಸಿಗುವುದು ಬ್ಡೋಟೆ, ಎರಡು ನದಿಗಳ ಕೂಡಲ. 1805ರಲ್ಲಿ ಸೇನಾಧಿಕಾರಿ ಜೆಬ್ಯುಲನ್ ಪೈಕ್ ಇಲ್ಲಿನ ನೆಲಕ್ಕಾಗಿ ಒಪ್ಪಂದ ಮಾಡಿಕೊಂಡ; ಹಾಜರಿದ್ದ ಏಳು ಡಕೋಟಾ ನಾಯಕರಲ್ಲಿ ಸಹಿ ಹಾಕಿದವರು ಇಬ್ಬರು, ಸೆನೆಟ್ ಒಪ್ಪಿದ ಬೆಲೆ 2,000 ಡಾಲರ್. ಮೇಲಿನ ಬಂಡೆಯ ತುದಿಯಲ್ಲಿ ಕೋಟೆ, ಕೆಳಗೆ ಬಂದಿಶಿಬಿರವಿದ್ದ ಬಯಲು, ಅದರಾಚೆ ಮರಗಳ ನಡುವೆ ಎರಡು ನೀರುಗಳ ಸೇರುವಿಕೆ. ಮೂಲಸ್ಥಾನವೂ ಸೆರೆಮನೆಯೂ ಒಂದೇ ಆದ ಇಂಥ ಜಾಗದ ಹೆಸರನ್ನು ಫಲಕಕ್ಕೆ ತರುವುದು ಸರೋವರದಷ್ಟು ಸುಲಭವಾಗಲಿಲ್ಲ. ಕೋಟೆಯನ್ನು ನೋಡಿಕೊಳ್ಳುವ ರಾಜ್ಯ ಇತಿಹಾಸ ಸಂಸ್ಥೆಯು ಕೋಟೆಯ ಹೆಸರನ್ನು ಹಾಗೆಯೇ ಇಟ್ಟು 'ಬ್ಡೋಟೆಯಲ್ಲಿ' ಎಂಬ ಒಂದೇ ಪದವನ್ನು ಫಲಕಕ್ಕೆ ಸೇರಿಸಿದಾಗ, 2019ರಲ್ಲಿ ರಾಜ್ಯದ ಸೆನೆಟ್ಟಿನಲ್ಲಿ ಸಂಸ್ಥೆಯ ಅನುದಾನವನ್ನೇ ಕಡಿತಗೊಳಿಸುವ ಪ್ರಸ್ತಾವ ಬಂದಿತ್ತು. ಕೊಟ್ಟ ಹೆಸರನ್ನು ಹಿಂದಕ್ಕೆ ಪಡೆಯುವುದೂ ಉಂಟು: ಅಲಾಸ್ಕಾದ ಶಿಖರಕ್ಕೆ 2015ರಲ್ಲಿ ಮರಳಿದ್ದ ಡೆನಾಲಿ ಎಂಬ ಮೂಲನಿವಾಸಿ ಹೆಸರನ್ನು ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ತೆಗೆದು ಮತ್ತೆ ಮೆಕಿನ್ಲಿ ಎಂದಿತು.

ಹೆಸರಷ್ಟೇ ಅಲ್ಲ, ನೆಲವೇ ಮರಳಿದ ಉದಾಹರಣೆಯೂ ಒಂದಿದೆ. ಮಿನ್ನೆಸೋಟ ನದಿಯ ಮೇಲ್ಭಾಗದಲ್ಲಿ, ಹಳದಿ ಬೇರಿನ ಔಷಧ ಸಸ್ಯ ಬೆಳೆಯುವ ಒಂದು ಉಪನದಿ ಬಂದು ಸೇರುವೆಡೆ, 1862ರಲ್ಲಿ ಹಸಿದ ಡಕೋಟಾ ಜನರು ಉಗ್ರಾಣದ ಮುಂದೆ ಕಾದು ನಿಂತ ಠಾಣೆಯಿತ್ತು. ಆ ನೆಲ ಬಹುಕಾಲ ರಾಜ್ಯದ ಉದ್ಯಾನವಾಗಿತ್ತು. ಜನ ಅಲ್ಲಿ ಬಿಡಾರ ಹೂಡಿ ರಜೆ ಕಳೆಯುತ್ತಿದ್ದರು. 2023ರಲ್ಲಿ ಶಾಸಕಾಂಗ ಆ ನೆಲವನ್ನು ಮರಳಿಸಲೆಂದೇ ಕಾನೂನು ಮಾಡಿತು, 2024ರ ಮಾರ್ಚ್‌ನಲ್ಲಿ ಅಲ್ಲಿನ ಡಕೋಟಾ ಸಮುದಾಯಕ್ಕೆ ನೆಲವನ್ನು ಮರಳಿ ಒಪ್ಪಿಸಲಾಯಿತು. ಸರ್ಕಾರಿ ಕಾಗದಗಳಲ್ಲಿ ಆ ಸಮುದಾಯದ ಹೆಸರಿನಲ್ಲಿ ಇನ್ನೂ 'ಸೂ' ಎಂಬ ಪದವೇ ಇದೆ. ಅವರು ಮಾತ್ರ ತಮ್ಮನ್ನು ಪೆಜಿಹುತಾಜಿಜಿ ಒಯಾತೆ ಎಂದು ಕರೆದುಕೊಳ್ಳುತ್ತಾರೆ, ಅಂದರೆ ಆ ಉಪನದಿಯ ದಂಡೆಯಲ್ಲಿ ಹಳದಿ ಔಷಧವನ್ನು ಅಗೆದು ತೆಗೆಯುವ ಸ್ಥಳದ ಜನ.